ಸರಸಕ್ಕನ ಬಾಗಿಲಿಗೆ ಒಂದು ಅಲಯನ್ಸ್

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದೇ ಹೆಂಚಿನ ಮಾಡಿನ ಕೆಳಗೆ ಮೂರು ಅಂಗಡಿ ಕೋಣೆಗಳಿವೆ. ಎಡಗಡೆಯದು ಸುಧಾಕರ ಸಾಲ್ಯಾನರ ಹೋಟೆಲು; ಅಲ್ಲಿ ಬನ್ಸ್ ಪ್ರಸಿದ್ಧ. ಬಲಗಡೆಯದು ಧರ್ಣಪ್ಪ ಅಮೀನರ ಹೋಟೆಲು. ಅಲ್ಲಿ ನೀರುದೋಸೆ ಪ್ರಸಿದ್ಧ. ನಡುವಿನದು ಸರಸ ಲೇಡೀಸ್ ಟೈಲರ್ಸ್. ಅಲ್ಲಿ ಯಾವುದು ಪ್ರಸಿದ್ಧ ಎಂದು ಹೇಳುವುದು ಕಷ್ಟ, ಏಕೆಂದರೆ ಅಲ್ಲೊಂದು ಅಂಗಡಿ ಇದೆ ಎಂಬುದೇ ಕಳೆದ ವರ್ಷದವರೆಗೆ ಹೆಚ್ಚಿನವರಿಗೆ ಕಾಣುತ್ತಿರಲಿಲ್ಲ.

ಇದು ಹೇಗಾಯಿತೆಂದು ಕ್ರಮವಾಗಿ ಹೇಳಬೇಕು. ಮೊದಲು ಸುಧಾಕರಣ್ಣ ತನ್ನ ಹೋಟೆಲಿನ ಎದುರು 'ಬಿಸಿ ಬಿಸಿ ಬನ್ಸ್' ಎಂಬ ಕಾಲಿರುವ ಬೋರ್ಡ್ ಇಟ್ಟರು. ಮರುದಿನ ಧರ್ಣಪ್ಪಣ್ಣ 'ನೀರುದೋಸೆ ಉಂಟು' ಎಂಬ ಬೋರ್ಡನ್ನು ಅದಕ್ಕಿಂತ ಒಂದು ಗೇಣು ಮುಂದೆ ಇಟ್ಟರು. ಬನ್ಸು ಒಂದು ಗೇಣು ಮುಂದೆ ಬಂತು. ದೋಸೆ ಮತ್ತೊಂದು ಗೇಣು ಮುಂದೆ ಬಂತು. ಹೀಗೆ ಎರಡೂ ಬೋರ್ಡುಗಳು ಒಂದನ್ನೊಂದು ಹಿಂದಿಕ್ಕುತ್ತ, ಕೊನೆಗೆ ಸರಸಕ್ಕನ ಬಾಗಿಲಿನ ಎದುರು ಮುಖಾಮುಖಿಯಾಗಿ ನಿಂತವು. ಅನಂತರ ಸುಧಾಕರಣ್ಣ ಬಾಗಿಲಿನ ಎಡಕ್ಕೆ ಕೈ ತೊಳೆಯುವ ಬೇಸಿನ್ ತಂದಿಟ್ಟರು. ಧರ್ಣಪ್ಪಣ್ಣ ಬಲಕ್ಕೆ ಕಬ್ಬಿನ ಹಾಲು ತೆಗೆಯುವ ಯಂತ್ರ ತಂದಿಟ್ಟರು. ಆ ಯಂತ್ರ ತಿರುಗಿದ್ದನ್ನು ಕಂಡವರಿಲ್ಲ.

ಉಳಿದ ದಾರಿಯನ್ನು ಸರಸಕ್ಕ ತನ್ನ ಟೇಪಿನಿಂದ ಅಳೆದರು. ಹದಿಮೂರು ಇಂಚು.

ಗಿರಾಕಿಗಳು ಅಡ್ಡವಾಗಿ ಒಳಗೆ ಬರಬೇಕಾಯಿತು. ಅಂಗನವಾಡಿ ಟೀಚರ್ ಮಾಜಿದಾ ಒಂದು ದಿನ ಹೇಗೋ ನುಸುಳಿ ಒಳಬಂದು ಉಸಿರು ಬಿಟ್ಟು, "ಇನ್ನು ಟೇಪ್ ಬೇಡ ಸರಸಕ್ಕ. ನನ್ನ ಅಳತೆ ಬಾಗಿಲಲ್ಲೇ ಆಯ್ತು" ಅಂದರು.

ಸರಸಕ್ಕನಿಗೆ ಅರವತ್ತೊಂದು ವರ್ಷ. ಮೂಡುಬಿದಿರೆಯ ಒಂದು ಹೊಲಿಗೆ ಕ್ಲಾಸಿನಲ್ಲಿ ಕಲಿತು, ಪಾಣೆಮಂಗಳೂರಿಗೆ ಮದುವೆಯಾಗಿ ಬಂದವರು. ಗಂಡ ಬೆಳ್ತಂಗಡಿ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದರು. ಜೀವನಪೂರ್ತಿ ಇಂಜಿನ್ನಿನ ಪಕ್ಕ ಕೂತು ಅವರ ಕಿವಿ ಸ್ವಲ್ಪ ಮಂದವಾಗಿದೆ. ನಿವೃತ್ತರಾದ ಮೇಲೆ ಮನೆಯಲ್ಲಿ ಟೀವಿಯನ್ನು ಬಸ್ಸಿನ ಹಾರ್ನಿನಷ್ಟು ಜೋರಾಗಿ ಇಡುತ್ತಾರೆ. "ಅಂಗಡಿ ಮುಚ್ಚಿದರೆ ನಾನು ಆ ಟೀವಿಯ ಎದುರು ಕೂತ್ಕೊಳ್ಬೇಕು" ಎಂದು ಸರಸಕ್ಕ ಹೇಳುತ್ತಿದ್ದರು. ಅವರಿಗಿದ್ದ ದೊಡ್ಡ ಭಯ ಇದು.

ಅಂಗಡಿ ಮುಚ್ಚುವ ಲಕ್ಷಣಗಳೂ ಇದ್ದವು. ಈಗ ಬ್ಲೌಸಿಗಿಂತ ಸೀರೆಯ ಅಂಚಿಗೆ ಪೀಕೋ ಹಾಕಿಸಿಕೊಳ್ಳಲು ಬರುವವರೇ ಹೆಚ್ಚು. ಅದಕ್ಕೆಂದು ಸರಸಕ್ಕ ಮೂಡುಬಿದಿರೆಯಲ್ಲಿ ಅಂಗಡಿ ಬಿಟ್ಟ ಗೆಳತಿಯೊಬ್ಬರ ಪೀಕೋ ಮಿಷನನ್ನು ಮೇಜು ಸಮೇತ ಕೊಂಡರು. ಟೆಂಪೋ ಬಂತು. ಹದಿಮೂರು ಇಂಚಿನ ದಾರಿಯಲ್ಲಿ ಮಿಷನ್ ಉದ್ದಕ್ಕೂ ಹೋಗಲಿಲ್ಲ, ಅಡ್ಡಕ್ಕೂ ಹೋಗಲಿಲ್ಲ. ಅದನ್ನು ಮೆಟ್ಟಿಲ ಬದಿಯಲ್ಲಿ ಬಿಟ್ಟು ಟೆಂಪೋದವನು ಹೋದ. ಬೆಳಿಗ್ಗೆ ಎಡಗಡೆಯ ಹೋಟೆಲಿನ ಗಿರಾಕಿಗಳು ಅದರ ಮೇಲೆ ಚಾ ಗ್ಲಾಸು ಇಟ್ಟು ಪೇಪರ್ ಓದತೊಡಗಿದರು. ಸಂಜೆ ಬಲಗಡೆಯವರು ತಟ್ಟೆ ಇಟ್ಟುಕೊಂಡರು. ಮದುವೆಯ ಸೀಸನ್ ಹತ್ತಿರ ಬರುತ್ತಿತ್ತು, ಸೀರೆಗಳು ಪಕ್ಕದ ಮೇಲ್ಕಾರಿನ ಅಂಗಡಿಗಳಿಗೆ ಹೋಗತೊಡಗಿದವು. ಮಿಷನ್ ಮಾತ್ರ ಹೊರಗೆ ನಿಂತು ಇಬ್ಬರ ಚಟ್ನಿಯ ರುಚಿಯನ್ನೂ ನೋಡುತ್ತಿತ್ತು.

ಸರಸಕ್ಕ ಎಡಕ್ಕೆ ಹೋಗಿ ಕೇಳಿದರು.

"ಸುಧಾಕರಣ್ಣ, ಆ ಬೇಸಿನ್ ಸ್ವಲ್ಪ ಆಚೆ ಇಡಿ ಮಾರಾಯ್ರೆ. ನನ್ನ ಮಿಷನ್ ಒಳಗೆ ಹೋಗ್ಬೇಕು."

"ಇಡ್ತೇನೆ ಸರಸಕ್ಕ. ನನಗೆಂತ ತೊಂದರೆ? ಅವನು ಕಬ್ಬಿನ ಮಿಷನ್ ತೆಗೆದ ಕೂಡಲೇ ಇಡ್ತೇನೆ."

ಬಲಕ್ಕೆ ಹೋಗಿ ಕೇಳಿದರು.

"ಧರ್ಣಪ್ಪಣ್ಣ, ಒಂದು ಸಣ್ಣ ಉಪಕಾರ..."

"ಗೊತ್ತುಂಟು ಅಕ್ಕ. ತೆಗೀತೇನೆ. ಮೊದಲು ಅವನ ಬೇಸಿನ್ ಹೋಗ್ಲಿ."

ಇಬ್ಬರೂ ಒಳ್ಳೆಯ ಮನುಷ್ಯರೇ. ಸಮಸ್ಯೆ 'ಮೊದಲು' ಎಂಬಲ್ಲಿ ಮಾತ್ರ ಇತ್ತು.

ಹದಿಮೂರು ಇಂಚಿನಲ್ಲಿ ನೇರವಾಗಿ ಒಳಬರುತ್ತಿದ್ದ ಏಕೈಕ ವ್ಯಕ್ತಿ ನಾರಾವಿಯ ಜಿನದತ್ತ ಮಾಸ್ಟ್ರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗಳ ಮನೆ ಬಂಟ್ವಾಳದಲ್ಲಿ, ಹಾಗಾಗಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ನಿವೃತ್ತಿಯ ಮೇಲೆ ಸೊರಗಿ ಅವರ ಪ್ಯಾಂಟುಗಳೆಲ್ಲ ದೊಗಳೆಯಾಗಿದ್ದವು. ಸರಸಕ್ಕ ಲೇಡೀಸ್ ಟೈಲರ್ ಆದರೂ ತನ್ನ ಮಗನಿಗೆ ಪಾಠ ಮಾಡಿದ ಮಾಸ್ಟ್ರ ಪ್ಯಾಂಟನ್ನು ಮಾತ್ರ ಒಪ್ಪಿಕೊಂಡಿದ್ದರು. ಒಪ್ಪಿಕೊಂಡದ್ದಷ್ಟೇ, ಮುಗಿಸಿ ಕೊಟ್ಟಿರಲಿಲ್ಲ. ಕೊಟ್ಟರೆ ಮಾಸ್ಟ್ರು ಬರುವುದು ನಿಲ್ಲುತ್ತದೆ. ಅವರು ಕಾಯುತ್ತ ಕೂತಾಗ ಇಂಗ್ಲಿಷ್ ಪದಗಳ ಹುಟ್ಟು, ಬಾಲ್ಯ, ಮುಪ್ಪುಗಳನ್ನು ಹೇಳುತ್ತಿದ್ದರು. ಗುಂಡಿ ಹೊಲಿಯುವಾಗ ಕೇಳಲು ಅದು ಟೀವಿಗಿಂತ ಎಷ್ಟೋ ಮೇಲು.

ಹೀಗೆ ಮಾಸ್ಟ್ರು ಕೂತಿದ್ದ ಒಂದು ದಿನ ಒಬ್ಬ ಗಿರಾಕಿ, ಮಗಳಿಗೆ ಅಲಯನ್ಸ್ ನೋಡುತ್ತಾ ಇದ್ದೇವೆ ಎಂದು ಹೇಳಿ ಅಡ್ಡವಾಗಿ ಹೊರಗೆ ಹೋದರು. ಸರಸಕ್ಕ ಸೂಜಿಗೆ ನೂಲು ಪೋಣಿಸುತ್ತ ಕೇಳಿದರು.

"ಅಲಯನ್ಸ್ ಅಂದ್ರೆ ಸಂಬಂಧ ಅಲ್ವಾ ಮಾಸ್ಟ್ರೆ? ಮತ್ತೆ ಟೀವಿಯಲ್ಲಿ ಪಾರ್ಟಿಯವರು ಸಹ ಅಲಯನ್ಸ್ ಮಾಡ್ತಾರಲ್ಲ. ಅವರಿಗೆಂತ ಮದುವೆಯಾ?"

ಮಾಸ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. ಪ್ಯಾಂಟ್ ಆಗದಿದ್ದರೂ ಬಂದದ್ದು ಸಾರ್ಥಕವಾಯಿತು ಎಂಬ ಮುಖ.

"ಕ್ರಮವಾಗಿ ಹೇಳ್ತೇನೆ ಕೇಳಿ. ಇದರ ಅಜ್ಜಿಮನೆ ಲ್ಯಾಟಿನ್. ಅಲ್ಲಿ ಇದಕ್ಕೆ ಕಟ್ಟುವುದು ಎಂದು ಅರ್ಥ. ನಿಮ್ಮ ಮೊಣಗಂಟು ನೋಯ್ತದಲ್ಲ, ಅದರೊಳಗೆ ಎಲುಬನ್ನು ಎಲುಬಿಗೆ ಕಟ್ಟುವ ಲಿಗಮೆಂಟ್ ಉಂಟು. ಅದು ಇದರ ದಾಯಾದಿ. ಎರಡು ಲೋಹ ಕರಗಿಸಿ ಸೇರಿಸಿದ್ರೆ ಅಲಾಯ್ ಅಂತೇವೆ, ಅದೂ ಇದೇ ಕುಟುಂಬ."

"ದೊಡ್ಡ ಸಂಸಾರ."

"ಲ್ಯಾಟಿನ್‌ನಿಂದ ಫ್ರೆಂಚಿಗೆ ಹೋಯ್ತು. ಸುಮಾರು ಏಳುನೂರು ವರ್ಷದ ಹಿಂದೆ ಇಂಗ್ಲಿಷಿಗೆ ಬಂತು. ಬಂದಾಗ ಮೊದಲ ಅರ್ಥವೇ ಮದುವೆ. ಅದು ಸಹ ನಮ್ಮ ನಿಮ್ಮ ಮದುವೆ ಅಲ್ಲ, ದೊಡ್ಡ ಮನೆತನಗಳು ಮಕ್ಕಳನ್ನು ಕೊಟ್ಟು ತಂದು ಒಂದಾಗುವುದು. ಮತ್ತೆ ರಾಜರೊಳಗಿನ ಒಪ್ಪಂದಕ್ಕೆ ಅದೇ ಹೆಸರಾಯ್ತು. ಬರ್ತಾ ಬರ್ತಾ ಮದುಮಗಳು ಬಿಟ್ಟುಹೋದಳು, ಕಾಗದ ಮಾತ್ರ ಉಳೀತು. ಮಹಾಯುದ್ಧಕ್ಕೆ ದೇಶಗಳು ಒಟ್ಟಾದದ್ದು ಅಲಯನ್ಸ್, ಚುನಾವಣೆಗೆ ಪಕ್ಷಗಳು ಒಟ್ಟಾದದ್ದು ಅಲಯನ್ಸ್. ನಮ್ಮ ದೇಶದಲ್ಲಿ ಪೇಪರಿನ ವಧೂವರರ ಜಾಹೀರಾತಿನವರು ಅದನ್ನು ಹಿಡಿದು ವಾಪಸ್ ಚಪ್ಪರಕ್ಕೆ ತಂದ್ರು. ಯುರೋಪೆಲ್ಲ ಸುತ್ತಿ ಅದು ಈಗ ಬಿ.ಸಿ.ರೋಡಿನಲ್ಲಿ ಬಂದು ಇಳಿದಿದೆ. ಫ್ರೆಂಚರು ಇವತ್ತಿಗೂ ಮದುವೆಯ ಉಂಗುರಕ್ಕೇ ಅಲಯನ್ಸ್ ಅಂತಾರೆ."

ಸರಸಕ್ಕ ಉಂಗುರದವರೆಗೆ ಬಂದಿರಲಿಲ್ಲ. ಅವರು ರಾಜರ ಹತ್ತಿರವೇ ನಿಂತಿದ್ದರು.

"ಅಂದ್ರೆ ಇಬ್ಬರು ರಾಜರಿಗೆ ಗಡಿಯಲ್ಲಿ ಜಗಳ ಆದ್ರೆ, ಒಬ್ಬನ ಮಗಳನ್ನು ಇನ್ನೊಬ್ಬನ ಮಗನಿಗೆ ಕೊಡುದು?"

"ಹೌದು."

"ಆಗ ಜಗಳ ನಿಲ್ತದಾ?"

"ಕೆಲವು ಸಲ ನಿಲ್ತದೆ. ಕೆಲವು ಸಲ ಜೋರಾಗ್ತದೆ," ಅಂದರು ಮಾಸ್ಟ್ರು. ಅವರು ಸತ್ಯವಂತರು.

ಸರಸಕ್ಕ ಎಡಗಡೆಯ ಗೋಡೆ ನೋಡಿದರು. ಸುಧಾಕರಣ್ಣನಿಗೆ ತರುಣ್ ಎಂಬ ಮಗ, ಮಂಗಳೂರಿನಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಬಲಗಡೆಯ ಗೋಡೆ ನೋಡಿದರು. ಧರ್ಣಪ್ಪಣ್ಣನಿಗೆ ದೀಕ್ಷಿತಾ ಎಂಬ ಮಗಳು, ಮೂಡುಬಿದಿರೆಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಇಬ್ಬರಿಗೂ ಮದುವೆಯ ಪ್ರಾಯ. ಇನ್ನು ನೋಡಬೇಕಾದ್ದು ಬರಿ. ಹೆಚ್ಚಿನ ತುಳುವರಲ್ಲಿ ಪ್ರತಿಯೊಬ್ಬರಿಗೂ ಒಂದು ಬರಿ, ಅಂದರೆ ಕುಲದ ಹೆಸರು, ಇರುತ್ತದೆ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ಎಷ್ಟೇ ದೂರದವರಾದರೂ ಮದುವೆಯಿಲ್ಲ. ಇಲ್ಲಿ ಆ ಚಿಂತೆಯೇ ಇರಲಿಲ್ಲ. ಅವರು ಸಾಲ್ಯಾನ್, ಇವರು ಅಮೀನ್. ಬಾಗಿಲಿನ ಎದುರು ಅಡ್ಡ ನಿಂತ ಬೋರ್ಡುಗಳ ಅಡಿಯಲ್ಲಿ ಮಾಲಕರ ಹೆಸರಿನ ಜೊತೆಗೇ ಬರೆದಿತ್ತು.

"ಮಾಸ್ಟ್ರೆ, ನಿಮ್ಮ ಪ್ಯಾಂಟ್ ಮುಂದಿನ ವಾರ," ಅಂದರು ಸರಸಕ್ಕ.

ಹೋಟೆಲಿನವರ ಹೆಂಡಂದಿರಿಬ್ಬರೂ ಸರಸಕ್ಕನ ಬಳಿಯೇ ಬ್ಲೌಸ್ ಹೊಲಿಸುವವರು. ಸುಧಾಕರಣ್ಣನ ಹೆಂಡತಿ ಗುಲಾಬಿಗೆ ತೋಳಿನ ಅಳತೆ ತೆಗೆಯುತ್ತ ಒಂದು ಮಾತು ಹಾಕಿದರು. ಧರ್ಣಪ್ಪಣ್ಣನ ಹೆಂಡತಿ ಕುಸುಮಳಿಗೆ ಕುತ್ತಿಗೆಯ ಅಳತೆ ತೆಗೆಯುತ್ತ ಅದೇ ಮಾತು ಹಾಕಿದರು. ಇಬ್ಬರೂ "ಅವರು ಕೇಳಿದ್ರೆ ನೋಡುವ" ಎಂದರು. ಗಂಡಂದಿರು ಮೂರು ದಿನ ಗುರುಗುಟ್ಟಿ, ನಾಲ್ಕನೆಯ ದಿನ "ಅವನೇ ಬರುದಾದ್ರೆ ಬರ್ಲಿ" ಎಂಬಲ್ಲಿಗೆ ಬಂದರು.

ಮಕ್ಕಳು ಮಾತ್ರ ಒಂದೇ ಮಾತಿಗೆ ಒಪ್ಪಿದ್ದು ಎಲ್ಲರಿಗೂ ಆಶ್ಚರ್ಯ. ಕಾರಣ ಆಮೇಲೆ ತಿಳಿಯಿತು. ಹುಟ್ಟಿದಾಗಿನಿಂದ ತರುಣನಿಗೆ ಬಲಗಡೆಯ ಹೋಟೆಲಿನ ನೀರುದೋಸೆ ನಿಷೇಧ. ದೀಕ್ಷಿತಾಳಿಗೆ ಎಡಗಡೆಯ ಬನ್ಸ್ ನಿಷೇಧ. ಇಬ್ಬರೂ ವಾಸನೆ ಮಾತ್ರ ಕುಡಿದು ಬೆಳೆದವರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೇಗೂ ತಿಂಡಿ ಇರುತ್ತದಲ್ಲ.

ಎಲ್ಲಿ ನೋಡುವುದು ಎಂಬಲ್ಲಿ ಮತ್ತೆ ತೊಡಕಾಯಿತು. ಕ್ರಮದ ಪ್ರಕಾರ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹೋಗಬೇಕು. "ಅವನ ಮೆಟ್ಟಿಲು ಹತ್ತುದಿಲ್ಲ," ಅಂದರು ಸುಧಾಕರಣ್ಣ. "ಹತ್ತಲಿಕ್ಕೆ ಹೇಳಿದ್ಯಾರು?" ಅಂದರು ಧರ್ಣಪ್ಪಣ್ಣ. ಇಂಥ ಸಂದರ್ಭದಲ್ಲಿ ರಾಜರು ಎರಡೂ ಕಡೆಗೆ ಸೇರದ ಜಾಗದಲ್ಲಿ ಕೂರುತ್ತಿದ್ದರೆಂದು ಜಿನದತ್ತ ಮಾಸ್ಟ್ರು ತಿಳಿಸಿದರು. ಎರಡೂ ಕಡೆಗೆ ಸೇರದ ಜಾಗ ಆ ಗಲ್ಲಿಯಲ್ಲಿ ಒಂದೇ ಇತ್ತು.

ಹೀಗೆ ಒಂದು ಭಾನುವಾರ ಮಧ್ಯಾಹ್ನ ಸರಸ ಲೇಡೀಸ್ ಟೈಲರ್ಸ್‌ನಲ್ಲಿ ಕುರ್ಚಿ ಹಾಕಲಾಯಿತು. ಹೆಣ್ಣಿನ ಕಡೆಯವರು ಅಡ್ಡವಾಗಿ ನುಸುಳಿ ಒಳಗೆ ಕೂತರು. ಗಂಡಿನ ಕಡೆಯವರು ಬರುವಾಗ ಗುಲಾಬಿಯ ತಾಯಿ ಸೇಸಮ್ಮಜ್ಜಿ ಗುರುವಾಯನಕೆರೆಯಿಂದ ಓಮ್ನಿಯಲ್ಲಿ ಬಂದಿಳಿದರು. ಅಜ್ಜಿಯ ಕೈಯಲ್ಲಿ ನಾಲ್ಕು ಕಾಲಿನ ವಾಕರ್. ವಾಕರಿನ ಅಗಲ ಹದಿಮೂರು ಇಂಚಿಗಿಂತ ಎಷ್ಟೋ ಹೆಚ್ಚು.

ಅಜ್ಜಿ ಬಾಗಿಲಿನ ಎದುರು ನಿಂತು ಬೇಸಿನ್ ನೋಡಿದರು, ಕಬ್ಬಿನ ಯಂತ್ರ ನೋಡಿದರು.

"ಇದೆಂತ, ಗುಜರಿ ಅಂಗಡಿಯಾ?"

ಗುಲಾಬಿ ಗಂಡನನ್ನು ನೋಡಿದಳು. ಕುಸುಮ ಒಳಗಿನಿಂದಲೇ, ಬಾಗಿಲಿಗೆ ಬಂದಿದ್ದ ಗಂಡನನ್ನು ನೋಡಿದಳು. ಗಂಡಸರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಯಾರು ಮೊದಲು ಎಂದು ನಿಂತುಬಿಟ್ಟರು. ಆಗ ಮಧ್ಯಸ್ಥರಾಗಿ ಬಂದಿದ್ದ ಜಿನದತ್ತ ಮಾಸ್ಟ್ರು, ತಾನು ಮೂರು ಎಣಿಸಿದಾಗ ಇಬ್ಬರೂ ಒಟ್ಟಿಗೇ ಎತ್ತಬೇಕೆಂದು ತೀರ್ಮಾನ ಕೊಟ್ಟರು. ಡ್ರಿಲ್ ಪೀರಿಯಡ್ಡಿನ ದನಿಯಲ್ಲಿ ಎಣಿಸಿದರು. ಬೇಸಿನ್ ಹೂವಿನಂತೆ ಎದ್ದು ಬಂತು. ಅದಕ್ಕೆ ನೀರಿನ ಪೈಪೇ ಇರಲಿಲ್ಲ. ಕಬ್ಬಿನ ಯಂತ್ರವೂ ಅಷ್ಟೇ ಹಗುರವಾಗಿ ಎದ್ದು ಬಂತು. ಅದಕ್ಕೆ ಮೋಟಾರೇ ಇರಲಿಲ್ಲ. ಇಬ್ಬರೂ ಇನ್ನೊಬ್ಬರದನ್ನು ನೋಡಿ ಏನೋ ಹೇಳಲು ಹೊರಟು, ತಮ್ಮದನ್ನು ನೆನೆದು ಸುಮ್ಮನಾದರು. ಎರಡೂ ಬೋರ್ಡುಗಳು ಗೋಡೆಗೆ ಒರಗಿದವು. ಅಜ್ಜಿ ನೇರವಾಗಿ ಒಳಗೆ ಹೋದರು.

ಸರಸಕ್ಕ ತನ್ನ ಬಾಗಿಲಿನ ಪೂರ್ತಿ ಅಗಲವನ್ನು ಬಹಳ ಕಾಲದ ಮೇಲೆ ನೋಡಿ, ಹೊರಗಿದ್ದ ಪೀಕೋ ಮಿಷನಿನ ಕಡೆಗೊಮ್ಮೆ ನೋಡಿದರು. ಈ ಮದುವೆ ಆಗಬೇಕು, ಅಷ್ಟೇ.

ಎಡಗಡೆಯಿಂದ ಬನ್ಸ್ ಬಂತು, ಬಲಗಡೆಯಿಂದ ನೀರುದೋಸೆ, ಚಟ್ನಿ ಬಂತು. ತರುಣ್ ನೇತುಹಾಕಿದ್ದ ಯಾರದೋ ಮದುವೆ ಬ್ಲೌಸಿನ ಕೆಳಗೆ ಕೂತು, ತಲೆಯೆತ್ತದೆ ದೋಸೆ ತಿಂದ. ದೀಕ್ಷಿತಾ ಒಂದು ಬನ್ಸ್ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಳು. ಇಬ್ಬರೂ ಪರಸ್ಪರ ನೋಡುತ್ತಲೇ ಇರಲಿಲ್ಲ. ಹಿರಿಯರು ಅದನ್ನು ನಾಚಿಕೆ ಎಂದುಕೊಂಡು ಸಂತೋಷಪಟ್ಟರು.

ಸೇಸಮ್ಮಜ್ಜಿ ಬನ್ಸನ್ನು ಚಾದಲ್ಲಿ ಅದ್ದುತ್ತ, ಹೊತ್ತು ಕಳೆಯಲೆಂಬಂತೆ ದೀಕ್ಷಿತಾಳನ್ನು ಕೇಳಿದರು.

"ಮಗಾ, ನಿನ್ನ ಬರಿ ಯಾವುದು?"

"ಅಮೀನ್, ಅಜ್ಜಿ."

"ಅದು ನಿನ್ನ ಅಪ್ಪನದ್ದಲ್ವಾ? ಅಪ್ಪನ ಬರಿ ಅಪ್ಪನಿಗೆ. ಮಕ್ಕಳಿಗೆ ಬರುದು ಅಮ್ಮನದ್ದು. ಅಮ್ಮನ ಬರಿ ಯಾವುದು?"

ದೀಕ್ಷಿತಾ ತಾಯಿಯ ಮುಖ ನೋಡಿದಳು.

"ಬಂಗೇರ," ಅಂದಳು ಕುಸುಮ.

ಅಜ್ಜಿಯ ಕೈಯ ಬನ್ಸ್ ಚಾದಲ್ಲೇ ಉಳಿಯಿತು.

"ಗುಲಾಬಿ," ಅಂದರು ಮಗಳಿಗೆ, "ನಾವೆಂತ?"

"ಬಂಗೇರ," ಅಂದಳು ಗುಲಾಬಿ, ಬಹಳ ಸಣ್ಣ ದನಿಯಲ್ಲಿ.

ಸರಸಕ್ಕನಿಗೆ ಎಲ್ಲ ಅರ್ಥವಾಯಿತು. ಬರಿ ತಾಯಿಯಿಂದ ಬರುತ್ತದೆ ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ಆದರೆ ಈಗಿನ ಮಕ್ಕಳು ಶಾಲೆಯಲ್ಲಿ ಅಪ್ಪನ ಬರಿಯನ್ನೇ ಹೆಸರಿನ ಹಿಂದೆ ಹಾಕಿಕೊಳ್ಳುತ್ತಾರೆ. ಜಗಳ ಗಂಡಸರದ್ದು, ಬೋರ್ಡು ಗಂಡಸರದ್ದು. ಇಬ್ಬರು ರಾಜರನ್ನು ನೋಡಿ ನೋಡಿ ರಾಣಿಯರನ್ನು ಕೇಳುವುದೇ ಬಿಟ್ಟುಹೋಗಿತ್ತು. ಅಳತೆ ತೆಗೆದವರು ಅವರೇ, ಬಟ್ಟೆ ತಪ್ಪು ಕತ್ತರಿಸಿದವರೂ ಅವರೇ.

ತರುಣ್ ಮತ್ತು ದೀಕ್ಷಿತಾ ಮೊದಲ ಬಾರಿಗೆ ಒಬ್ಬರನ್ನೊಬ್ಬರು ನೋಡಿದರು. ದೀಕ್ಷಿತಾ ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದಳು.

"ತರುಣಣ್ಣ, ಆ ಚಟ್ನಿ ಸ್ವಲ್ಪ ಈಚೆ ಕೊಡಿ."

"ತಗೋ ತಂಗಿ," ಅಂದ ತರುಣ್. "ನಿಮ್ಮ ದೋಸೆ ಇನ್ನೂ ಉಂಟಾ?"

ಸಂಬಂಧ ಮುರಿದದ್ದು ಇಷ್ಟೇ ಸದ್ದಿನಲ್ಲಿ. ಮಕ್ಕಳಿಗೇನೂ ನಷ್ಟವಾಗಲಿಲ್ಲ. ಸುಧಾಕರಣ್ಣ ಮಾತ್ರ ಎದ್ದು ಲುಂಗಿ ಸರಿಪಡಿಸಿಕೊಂಡರು.

"ಆಯ್ತಲ್ಲ. ಹಾಗಾದ್ರೆ ಬೇಸಿನ್ ಅಲ್ಲೇ ಇಡ್ತೇನೆ."

"ಇಡು. ನನ್ನ ಕಬ್ಬಿನ ಮಿಷನ್ ಸಹ ಹೊರಟಿತು," ಎಂದು ಧರ್ಣಪ್ಪಣ್ಣನೂ ಎದ್ದರು.

ಸರಸಕ್ಕ ಕೈಯಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಬಾಗಿಲು ಮತ್ತೆ ಹದಿಮೂರು ಇಂಚಾಗಲಿತ್ತು; ಅದರ ಆಚೆ ಟೀವಿ ಕಾಯುತ್ತಿತ್ತು.

"ಕೂತ್ಕೊಳ್ಳಿ ಇಬ್ರೂ," ಅಂದರು ಸೇಸಮ್ಮಜ್ಜಿ.

ಇಬ್ಬರೂ ಕೂತರು.

"ಗುಲಾಬಿ ನನ್ನ ಮಗಳು. ಈ ಕುಸುಮ ನಮ್ಮ ಬರಿಯವಳು, ಅಂದ್ರೆ ಗುಲಾಬಿಗೆ ಒಡಹುಟ್ಟಿದವಳ ಲೆಕ್ಕ. ಹಾಗಾದ್ರೆ ನನಗೆ ಇವಳು ಯಾರು?"

"ಮಗಳು," ಅಂದರು ಜಿನದತ್ತ ಮಾಸ್ಟ್ರು. ಪ್ರಶ್ನೆ ಬಂದಾಗ ಉತ್ತರಿಸುವುದು ಅವರ ಅಭ್ಯಾಸ.

"ಮಗಳ ಗಂಡ ನನಗೆ ಯಾರು?"

ಉತ್ತರ ಎಲ್ಲರ ಎದುರೇ ಕೂತಿತ್ತು. ಬೀಗರಾಗಲು ಬಂದ ಸುಧಾಕರಣ್ಣನೂ ಧರ್ಣಪ್ಪಣ್ಣನೂ ಷಡ್ಡಕರಾಗಿದ್ದರು. ಈಗ ಆದದ್ದೂ ಅಲ್ಲ; ಮದುವೆಯಾದ ದಿನದಿಂದಲೇ ಆಗಿದ್ದರು, ಇಷ್ಟು ವರ್ಷ ಷಡ್ಡಕನ ವಿರುದ್ಧವೇ ಬೋರ್ಡ್ ಇಟ್ಟಿದ್ದರು.

"ಅತ್ತೆ ನಡೆಯುವ ದಾರಿಗೆ ಅಳಿಯಂದಿರು ಬೇಸಿನ್ ಇಡುದು ನಾನು ಎಲ್ಲಿಯೂ ನೋಡಿಲ್ಲ," ಅಂದರು ಅಜ್ಜಿ. "ಅದಿರ್ಲಿ. ಹೊರಗೆ ಮೆಟ್ಟಿಲ ಹತ್ರ ಒಂದು ಮೇಜುಂಟಲ್ಲ, ಅದರ ಕಾಲಿಗೆ ನನ್ನ ವಾಕರ್ ತಾಗಿತು. ಹೋಗುವಾಗ ನಾನು ಬಿದ್ರೆ ಯಾರು ಗತಿ? ಅದನ್ನು ಒಳಗೆ ತನ್ನಿ."

ಅತ್ತೆಯ ಮಾತಿಗೆ ಇಲ್ಲವೆನ್ನುವ ಅಳಿಯ ನಮ್ಮ ಕಡೆ ಇಲ್ಲ. ಇಬ್ಬರೂ ಹೊರಗೆ ಹೋದರು. ಒಬ್ಬರು ಈ ತುದಿ, ಒಬ್ಬರು ಆ ತುದಿ ಹಿಡಿದರು.

"ನಿನ್ನ ಕಡೆ ತಗ್ಗಿಸು."

"ನೀನು ಎತ್ತು. ಬನ್ಸ್ ತಿಂದ ಕೈಯಲ್ಲಿ ಇಷ್ಟು ಸಹ ಬಲ ಇಲ್ವಾ?"

"ಬಲ ಉಂಟು. ನಿನ್ನ ಚಟ್ನಿ ಅಂಟಿ ಮೇಜು ಜಾರ್ತದೆ ಮಾರಾಯ."

ಮಿಷನ್ ಒಳಗೆ ಬಂತು. ಸರಸಕ್ಕ ಅದನ್ನು ಒರೆಸಿ, ಪ್ಲಗ್ಗು ಚುಚ್ಚಿ, ಅಲ್ಲೇ ಇದ್ದ ಒಂದು ತುಂಡು ಬಟ್ಟೆಯ ಅಂಚಿಗೆ ಪೀಕೋ ಹಾಕಿ ನೋಡಿದರು. ಸದ್ದು ಚೆನ್ನಾಗಿತ್ತು. ಕುಸುಮ ಮನೆಗೆ ಓಡಿ ಪೀಕೋ ಆಗದ ಎರಡು ಸೀರೆ ತಂದಳು. ಗುಲಾಬಿ ಮೂರು ತಂದಳು.

ಅಂದಿನಿಂದ ಬಾಗಿಲು ಪೂರ್ತಿ ಅಗಲದಲ್ಲಿದೆ. ಬೇಸಿನ್ನಿಗೆ ನೀರಿನ ಪೈಪ್ ಬಂದಿದೆ, ಸುಧಾಕರಣ್ಣನ ಸ್ವಂತ ಗೋಡೆಯಲ್ಲಿ. ತರುಣ್ ಊರಿಗೆ ಬಂದಾಗ ಬೆಳಗಿನ ತಿಂಡಿಗೆ ನೇರ ಬಲಕ್ಕೆ ಹೋಗುತ್ತಾನೆ; ದೀಕ್ಷಿತಾ ಮೂಡುಬಿದಿರೆಗೆ ಹೊರಡುವ ಮೊದಲು ಎಡದಿಂದ ಬನ್ಸ್ ಕಟ್ಟಿಸಿಕೊಳ್ಳುತ್ತಾಳೆ. ಮನೆಯಲ್ಲಿ ಟೀವಿಯನ್ನು ಸರಸಕ್ಕನ ಗಂಡ ಒಬ್ಬರೇ ನೋಡುತ್ತಾರೆ, ಗಲ್ಲಿಯವರೆಗೆ ಕೇಳುವುದಿಲ್ಲ.

ಜಗಳ ನಿಂತಿತೆಂದು ಹೇಳಿದರೆ ಲೆಕ್ಕ ತಪ್ಪುತ್ತದೆ. ಈಗಿನ ವಿಷಯ ಹಿರಿಯ ಷಡ್ಡಕ ಯಾರು ಎಂಬುದು. ಸೇಸಮ್ಮಜ್ಜಿಯ ಮನೆಯ ಊಟಕ್ಕೆ ಹೋದಾಗ ಮೊದಲ ಎಲೆ ಹಿರಿಯ ಅಳಿಯನಿಗೆ, ಮತ್ತು ಹೆಂಡತಿ ಹಿರಿಯಳಾದರೆ ಗಂಡ ಹಿರಿಯ. ಇಬ್ಬರು ಗಂಡಸರಿಗೂ ಮೊದಲ ಎಲೆ ಬೇಕು. ಆದರೆ ಗುಲಾಬಿ ತಾನು ತಂಗಿ ಎನ್ನುತ್ತಾಳೆ, ಕುಸುಮ ತಾನೇ ತಂಗಿ ಎನ್ನುತ್ತಾಳೆ. ಇಬ್ಬರೂ ಹುಟ್ಟಿದ ವರ್ಷ ಹೇಳುವುದಿಲ್ಲ. ಗಂಡಸರು ಬೇರೆ ದಾರಿಯಿಲ್ಲದೆ ಸರಸಕ್ಕನ ಬಳಿ ಬರುತ್ತಾರೆ, ಅದೂ ಬಾಗಿಲಿನಲ್ಲಿ ಒಟ್ಟಿಗೇ.

"ಸರಸಕ್ಕ, ನಿಮಗೆ ಗೊತ್ತಿಲ್ಲದ್ದುಂಟಾ? ಇವರಲ್ಲಿ ದೊಡ್ಡವಳು ಯಾರು?"

"ನನ್ನ ಹತ್ರ ಇರುದು ಬ್ಲೌಸಿನ ಅಳತೆ ಮಾತ್ರ," ಎನ್ನುತ್ತಾರೆ ಸರಸಕ್ಕ, ಮಿಷನ್ ನಿಲ್ಲಿಸದೆ. "ಅದನ್ನು ಹೇಳಿದ್ರೆ ನಿಮಗಿಬ್ಬರಿಗೂ ಮನೆಯಲ್ಲಿ ಎಲೆಯೇ ಹಾಕ್ಲಿಕ್ಕಿಲ್ಲ."

ಕುರ್ಚಿಯಲ್ಲಿ ಜಿನದತ್ತ ಮಾಸ್ಟ್ರು ನಗುತ್ತಾರೆ. ಎರಡು ಮನೆತನ ಒಂದಾದವು, ಮದುಮಗಳು ಬೇಕಾಗಲಿಲ್ಲ, ಕಾಗದವೂ ಬೇಕಾಗಲಿಲ್ಲ. ಏಳುನೂರು ವರ್ಷದಲ್ಲಿ ಅಲಯನ್ಸ್ ಎಂಬ ಪದಕ್ಕೆ ಇಂಥದ್ದೊಂದು ಅರ್ಥ ಒದಗಿತ್ತೇ ಎಂದು ಮನೆಯ ಡಿಕ್ಷನರಿಗಳಲ್ಲಿ ಹುಡುಕುತ್ತಿದ್ದೇನೆ ಎನ್ನುತ್ತಾರೆ. ಸಿಕ್ಕಿದ ಮೇಲೆ ಹೇಳುತ್ತಾರಂತೆ. ಅಲ್ಲಿಯವರೆಗೆ ಪ್ಯಾಂಟ್ ಮುಂದಿನ ವಾರ.